ಗಿರಣಿಯಲ್ಲಿದ್ದ ವರ್ಷ

ಪರದೇಶದಲ್ಲಿರುವ ನಾದಿನಿ ಇನ್ನು ಹೆಚ್ಚು ದಿನ ಉಳಿಯುವುದಿಲ್ಲ ಎಂದು ಅವಳ ಮಗಳು ಫೋನ್ ಮಾಡಿದ ಮೇಲೆ ನಾವು ವಿಮಾನ ಹತ್ತಿದೆವು. ಜೀವ ಇರುವಾಗ ತಂಗಿಯ ಮುಖ ನೋಡಬೇಕು, ನನ್ನ ಗಂಡನಿಗೆ ಅಷ್ಟೇ ಬೇಕಾಗಿದ್ದದ್ದು. ಬಡಗಿಯ ಕೈ ಸುಮ್ಮನಿರುತ್ತದೆಯೇ? ದಾರಿಯುದ್ದಕ್ಕೂ ಸೀಟಿನ ಅಂಚು ಸವರುತ್ತಾ ಕೂತಿದ್ದರು.

ಮದುವೆಗೆ ಮುಂಚೆ, ಕೂಲಿ ಕೇಳಿದ್ದಕ್ಕೆ ಅಮ್ಮನನ್ನು ಸೇರಿಸಿ ಬೈದ ಕಂಟ್ರಾಕ್ಟರನ ತಲೆಗೆ ಇವರು ಕೊಡತಿಯಿಂದ ಬಾರಿಸಿದ್ದರು. ಒಂದು ವರ್ಷ ಜೈಲು. ನಮ್ಮತ್ತೆ ಮಹಾ ಮಾನವಂತೆ, ಮಗ ದೂರದ ಗಿರಣಿಗೆ ಕೆಲಸಕ್ಕೆ ಹೋಗಿದ್ದಾನೆಂದು ಬೀದಿಗೆಲ್ಲ ಸಾರಿದರು. ಆಮೇಲೆ ಮನೆಯೊಳಗೂ ಅದೇ ಮಾತಾಯಿತು. ‘ಗಿರಣಿಯಲ್ಲಿದ್ದಾಗ’ ಎಂದೇ ಶುರು. ವರ್ಷ ಕಳೆದಂತೆ ಆ ಗಿರಣಿಗೊಬ್ಬ ಸಿಡುಕ ಮೇಸ್ತ್ರಿ ಬಂದ, ನೀರು ಬಾರದ ನಲ್ಲಿ ಬಂತು. ಬಾಯಿಬಿಡದ ಈ ಮನುಷ್ಯ ನೀರು ಕುಡಿದಷ್ಟು ಸಲೀಸಾಗಿ ಹೇಳುವ ಕಥೆ ಅದೊಂದೇ.

ಇಳಿದ ಮೇಲೆ ಕೌಂಟರಿನಲ್ಲಿ ಒಬ್ಬ ಅಧಿಕಾರಿಣಿ. ನಮ್ಮ ಭಾಷೆ ಬಲ್ಲ ಹೆಂಗಸೊಬ್ಬಳು ಫೋನಿನಲ್ಲಿ ಅವಳ ಮಾತು ತಿಳಿಸುತ್ತಿದ್ದಳು.

“ಕೋರ್ಟಿನಿಂದ ಯಾವತ್ತಾದ್ರೂ ಶಿಕ್ಷೆ ಆಗಿದೆಯಾ?”

“ಇಲ್ಲ.”

ಅಧಿಕಾರಿಣಿ ಒಂದು ಹಳೆಯ ಇಸವಿ ಬರೆದು ತೋರಿಸಿದಳು. “ಈ ವರ್ಷ ಎಲ್ಲಿದ್ರಿ?”

“ಗಿರಣೀಲಿದ್ದೆ. ಮೇಸ್ತ್ರಿ ಬಲು ಸಿಡುಕ, ನಲ್ಲೀಲಿ ನೀರೂ ಬರ್ತಿರ್ಲಿಲ್ಲ...”

ಅಧಿಕಾರಿಣಿ ನನ್ನ ಮುಖ ನೋಡಿದಳು. ನಾನು ಹೂಂಗುಟ್ಟಿದೆ. ಸೊಸೆಯಾಗಿ ಬಂದಾಗಿನಿಂದ ಮಾಡಿದ್ದು ಅದನ್ನೇ ತಾನೆ.

ಅವಳು ಕಂಪ್ಯೂಟರಿನ ಪರದೆಯನ್ನು ನಮ್ಮತ್ತ ತಿರುಗಿಸಿದಳು. ಇವರ ಹಳೆಯ ಫೋಟೊ, ತಲೆತುಂಬ ಕೂದಲು. ಫೋನಿನ ಹೆಂಗಸು ಮೆಲ್ಲಗೆ ಹೇಳಿದಳು: “ಹಳೇ ಕೇಸಂತೆ ಅಮ್ಮಾ. ತಂಗಿ ಸಾಯೋ ಸ್ಥಿತೀಲಿದ್ದಾರೆ ಅಂತ ಹತ್ತು ದಿನಕ್ಕೆ ಬಿಡಬಹುದಿತ್ತಂತೆ. ಸುಳ್ಳು ಹೇಳಿದ್ರಲ್ಲ, ಈಗ ಆಗಲ್ಲವಂತೆ. ಸಂಜೆ ವಿಮಾನಕ್ಕೆ ವಾಪಸ್ ಕಳಿಸ್ತಾರೆ.”

ನನಗೆ ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ, ಮಾತುಮಾತಿಗೂ ಸಿಡಿಯುವ ನನಗೆ. ಎದೆಗೇ ಜೋಮು ಹಿಡಿದಂತಿತ್ತು. ಕಿಟಕಿಯಿಲ್ಲದ ಕೋಣೆಯಲ್ಲಿ ಕೂರಿಸಿದರು. ಇವರು ಕುರ್ಚಿಯ ಕಾಲು ಅಲ್ಲಾಡಿಸಿ ನೋಡಿ, “ಬೆಣೆ ಸಡಿಲ ಆಗಿದೆ” ಎಂದರು. ನಾನು ಹೌದೆಂದೆ.

ಇವರ ಫೋನ್ ರಿಂಗಾಯಿತು. ನಾದಿನಿಯೇ. ಸ್ಪೀಕರಿನಲ್ಲಿ ಅವಳ ದನಿ ನೂಲಿನೆಳೆಯಷ್ಟಿತ್ತು.

“ಅಣ್ಣಾ, ಬಂದ್ಯಾ?”

ಇವರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

“ಬಂದೆ ಪುಟ್ಟಿ. ಇಲ್ಲಿ ಸಾಲು ಸ್ವಲ್ಪ ಉದ್ದ ಇದೆ. ನೀನು ಮಲ್ಕೊಂಡಿರು, ನಾನೇ ಬಂದು ಎಬ್ಬಿಸ್ತೀನಿ.”

“ಸರಿ ಅಣ್ಣಾ” ಎಂದಳು.