ಬೆಂಚಿನ ಎತ್ತರ

ಟಾಟಾ ಏಸ್ ಹಿಂದಕ್ಕೆ ಬಂದು ಶೆಡ್ಡಿನ ಬಾಗಿಲಿಗೆ ಇನ್ನೇನು ತಾಗಬೇಕು ಅನ್ನುವಾಗ ನಿಂತಿತು. ಬಡಗಿ ಮೌನೇಶಾಚಾರಿ ಇಳಿದು ಹಗ್ಗ ಬಿಚ್ಚಿದ. ಕಂಪ್ಲಿಯಲ್ಲಿ ಕೆಡವಿದ ಹಳೆಯ ಮನೆಯೊಂದರ ಮತ್ತಿ ಮರದ ತೊಲೆಗಳನ್ನು ಕೊಯ್ಯಿಸಿ ಮಾಡಿದ ಬೆಂಚು. ಅದನ್ನು ಇಳಿಸುವುದಕ್ಕೆ ಓಣಿಯ ಗಂಡಸರೆಲ್ಲ ಕೈ ಹಾಕಬೇಕಾಯಿತು. ಯಲ್ಲೇಶ್ ಕೂಡ ಎಡಗೈಯಿಂದ ಒಂದು ಮೂಲೆ ಹಿಡಿಯಲು ಹೋದ. "ನೀ ಸರಿಯಪ್ಪ, ನಾವದೀವಿ" ಎಂದು ಯಾರೋ ಅವನನ್ನು ಮೆಲ್ಲಗೆ ಬದಿಗೆ ಸರಿಸಿದರು. ಅವನ ಬಲಗೈ ಎಂದಿನಂತೆ ಬಟ್ಟೆಯ ಜೋಲಿಯಲ್ಲಿ ಎದೆಗೊರಗಿಕೊಂಡಿತ್ತು.

ಬೆಂಚು ನೆಲಕ್ಕೆ ಕೂತ ಮೇಲೆ ಮೌನೇಶಾಚಾರಿ ಅದರ ಮೇಲೆ ಹತ್ತಿ ಕುಣಿದಂತೆ ಕಾಲು ಬಡಿದು ತೋರಿಸಿದ. ಒಂದು ಕಡೆಯೂ ಅಲುಗಲಿಲ್ಲ.

"ನಿನ್ನ ಸೊಂಟದ ಅಳತೀಗೆ ಮಾಡೀನಿ. ಬಗ್ಗೂದು ಬ್ಯಾಡ, ನಿಗರೂದು ಬ್ಯಾಡ" ಅಂದ.

ಯಲ್ಲೇಶ್ ಹಲಗೆಯ ಮೇಲೆ ಅಂಗೈ ಆಡಿಸಿದ. ಒಳಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಗಾಳೆಮ್ಮ ಬೆಂಚನ್ನು ನೋಡಿದಳು, ಗಂಡನನ್ನು ನೋಡಿದಳು, ಎಲ್ಲರಿಗೂ ಚಹಾ ಇಡಲು ಒಳಗೆ ಹೋದಳು.

ಹೊಸಪೇಟೆಯ ಚಿತ್ತವಾಡಗಿಯಲ್ಲಿ ಯಲ್ಲೇಶನ ಮೋಟರ್ ವೈಂಡಿಂಗ್ ಶೆಡ್ಡಿಗೆ ಒಳ್ಳೆಯ ಹೆಸರಿತ್ತು. ಸುಟ್ಟ ಪಂಪ್ ಮೋಟರ್ ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೊಟ್ಟನೆಂದರೆ ಆ ಮೋಟರ್ ಬೇಗ ವಾಪಸು ಬರುತ್ತಿರಲಿಲ್ಲ. ಹೋದ ವರ್ಷದ ಬೇಸಿಗೆಯಲ್ಲಿ ಸಂಡೂರಿನಿಂದ ಬರುವಾಗ ಅದಿರಿನ ಲಾರಿಯೊಂದನ್ನು ತಪ್ಪಿಸಲು ಹೋಗಿ ಬೈಕ್ ಸಮೇತ ಬಿದ್ದ. ಮೂಳೆ ಮುರಿಯಲಿಲ್ಲ. ಹೆಗಲಿನ ನರ ಜಗ್ಗಿ ಬಲಗೈಯ ಶಕ್ತಿಯೇ ಹೋಯಿತು. ಬಳ್ಳಾರಿಯ ಡಾಕ್ಟರು, "ಕೈ ಬರಬಹುದು, ಬರದೆಯೂ ಇರಬಹುದು" ಅಂದಿದ್ದರು. ಯಲ್ಲೇಶ್ ಮೊದಲನೇ ಮಾತನ್ನಷ್ಟೇ ಮನೆಗೆ ತಂದಿದ್ದ.

ಕೆಲಸ ನಿಲ್ಲಲಿಲ್ಲ. ಮದುವೆಯಾದಾಗಿನಿಂದ ಗಾಳೆಮ್ಮ ಅವನ ಜೊತೆ ಕೂತು ತಂತಿಯ ಕೆಳಗೆ ಹಾಸುವ ಕಾಗದ ಕತ್ತರಿಸಿ ಕೊಡುವುದು, ತಂತಿಯ ಸುರುಳಿಗೆ ದಾರ ಕಟ್ಟುವುದು ಮಾಡಿದವಳು. ಈಗ ಅವನು ಪಕ್ಕದಲ್ಲಿ ಕೂತು ಹೇಳಿದ, ಅವಳು ಮಾಡಿದಳು. ಬರಬರುತ್ತ ಹೇಳುವುದಕ್ಕೂ ಏನೂ ಉಳಿಯಲಿಲ್ಲ. ಆದರೆ ಅವಳ ಕೆಲಸವೆಲ್ಲ ನಡೆಯುತ್ತಿದ್ದದ್ದು ಒಳಕೋಣೆಯಲ್ಲಿ, ಗೋಣಿಚೀಲದ ಮೇಲೆ ಕೂತು, ಮೋಟರಿನ ಒಡಲನ್ನು ಮೊಣಕಾಲುಗಳ ನಡುವೆ ಅಮುಕಿ ಹಿಡಿದು. ಹೊರಗೆ ಶೆಡ್ಡಿನಲ್ಲಿ ಯಲ್ಲೇಶ್ ಗಿರಾಕಿಗಳಿಗೆ, "ಗಂಗಾವತಿಯಿಂದ ಒಬ್ಬನ್ನ ಕರಿಸ್ಕೊಂಡೀನಿ. ಬರ್ತಾನ, ಮಾಡ್ತಾನ, ಹೋಗ್ತಾನ" ಅನ್ನುತ್ತಿದ್ದ. ಒಂದು ದಿನ ಗಾಳೆಮ್ಮ ರೊಟ್ಟಿ ಬಡಿಯುತ್ತ, "ಆ ಗಂಗಾವತಿಯವ ಇವತ್ತ ಊಟಕ್ಕದಾನೋ ಹೆಂಗ?" ಎಂದು ಕೇಳಿದಳು.

ಬೆಂಚು ಬೇಕೆಂದವಳು ಅವಳೇ. ಕೂತು ಕೂತು ಮೊಣಕಾಲು ಹಿಡಿದುಕೊಂಡಿದ್ದವು. ದೊಡ್ಡ ಮೋಟರು ಬಂದರೆ ಹಿಡಿಯಲಾಗದೆ ವಾಪಸು ಕಳಿಸಬೇಕಾಗುತ್ತಿತ್ತು. "ಒಂದು ಗಟ್ಟಿ ಬೆಂಚ್ ಮಾಡಸ್ರಿ, ನಿಂತು ಮಾಡೂಣು" ಅಂದಿದ್ದಳು. ಯಲ್ಲೇಶನಿಗೆ ಆ ಮಾತು ಬೇರೆ ರೀತಿಯಲ್ಲಿ ಕೇಳಿಸಿತು. ಮೋಟರನ್ನು ಅಲುಗದಂತೆ ಕಚ್ಚಿ ಹಿಡಿಯುವ ಬೆಂಚೊಂದಿದ್ದರೆ ಉಳಿದದ್ದಕ್ಕೆ ಒಂದು ಕೈ ಸಾಲದೆ? ಅಳತೆ ಕೊಡಲು ಅವನೊಬ್ಬನೇ ಹೋಗಿದ್ದ.

ಮಾರನೇ ದಿನ ಅವಳು ಸಂತೆಗೆ ಹೋಗಿದ್ದಾಗ ಯಲ್ಲೇಶ್ ಬೆಂಚಿನ ಮುಂದೆ ನಿಂತ. ಸಣ್ಣ ಮೋಟರೊಂದರ ಒಡಲನ್ನು ಬೆಂಚಿಗೆ ಜಡಿದಿದ್ದ ಕಬ್ಬಿಣದ ವೈಸಿನ ದವಡೆಗೆ ಕಚ್ಚಿಸಿ, ಸುತ್ತಿಟ್ಟಿದ್ದ ತಂತಿಯ ಸುರುಳಿಯನ್ನು ಎಡಗೈಯಿಂದ ಒಡಲಿನ ಸಂದಿಗೆ ಇಳಿಸಲು ನೋಡಿದ. ಒಂದು ಎಳೆ ಕೂತರೆ ಇನ್ನೊಂದು ಮೇಲೇಳುತ್ತಿತ್ತು. ಬಿಗಿ ಹಿಡಿದು ಒತ್ತಿದರೆ ಕಬ್ಬಿಣದ ಅಂಚಿಗೆ ತಾಗಿ ತಂತಿಯ ಮೇಲಿನ ಲೇಪ ಕೆರೆದು ಹೋಯಿತು. ಕಿತ್ತು ಮತ್ತೆ ಹಾಕಿದ. ಬಲಗೈಯನ್ನು ಜೋಲಿಯಿಂದ ತೆಗೆದು, ಎಳೆಗಳನ್ನು ಒತ್ತಿಕೊಳ್ಳಲೆಂದು ಅವುಗಳ ಮೇಲಿಟ್ಟ. ಅದು ಇಟ್ಟಲ್ಲಿ ಬಿದ್ದಿತ್ತು, ಒತ್ತಲಿಲ್ಲ. ಗಾಳೆಮ್ಮ ಚೀಲ ಹಿಡಿದು ಬರುವಷ್ಟರಲ್ಲಿ ಬೆಂಚಿನ ಮೇಲೆ ತಂತಿ ಹಕ್ಕಿಗೂಡಿನಂತೆ ಬಿದ್ದಿತ್ತು, ಅವನು ಬೆವರಿಳಿಸಿಕೊಂಡು ಕೂತಿದ್ದ. ಅವಳು ತಂತಿಯನ್ನು ಬಾಚಿ ಗುಜರಿ ಡಬ್ಬಿಗೆ ಹಾಕಿ, "ಬೆಂಡಿಕಾಯಿ ಚಲೋ ಸಿಕ್ಕಾವ" ಅಂದಳು.

ಆಮೇಲೆ ಬೆಂಚಿನ ಕಡೆ ಇಬ್ಬರೂ ಸುಳಿಯಲಿಲ್ಲ. ಅದರ ಮೇಲೆ ಖಾಲಿ ಡಬ್ಬಿ, ಹಳೆಯ ಪೇಪರು ಕೂಡಿಬಿದ್ದವು. ಗಾಳೆಮ್ಮ ಒಳಗೆ ಗೋಣಿಚೀಲದ ಮೇಲೆಯೇ ಕೂತಳು.

ಕಂಪ್ಲಿಯ ಹಂಪಯ್ಯ ಬಂದದ್ದು ಮುಂಗಾರಿನ ಮಿರುಗ ಮಳೆ ಕೈಕೊಟ್ಟ ದಿನಗಳಲ್ಲಿ. ಯಲ್ಲೇಶನ ಹಳೆಯ ಗಿರಾಕಿ, ನದಿ ದಂಡೆಯಲ್ಲಿ ಭತ್ತದ ಹೊಲ. ಆಟೋದಲ್ಲಿ ದೊಡ್ಡ ಮೋಟರು ಹೇರಿಕೊಂಡು ಬಂದಿದ್ದ. ಇಳಿಸಿದ ಕೂಡಲೇ ಸುಟ್ಟ ವಾಸನೆ ಶೆಡ್ಡನ್ನೆಲ್ಲ ತುಂಬಿತು.

"ಕಾಲುವೀಗೆ ಇನ್ನಾ ನೀರು ಬಿಟ್ಟಿಲ್ಲಪಾ. ಪಂಪ್ ನಂಬಿ ಸಸಿ ಮಡಿ ಹಾಕೀನಿ. ನಾಳೆ ನೀರು ಉಣಿಸಲಿಲ್ಲಂದ್ರ ಒಣಗಿ ಹೋಗ್ತಾವ. ನಾ ಇಲ್ಲೇ ಕುಂದ್ರತೀನಿ, ಮಾಡಿಕೊಡು."

ಯಲ್ಲೇಶ್ ಮೋಟರನ್ನು ನೋಡಿದ. ನೆಲದ ಮೇಲೆ ಮೊಣಕಾಲಲ್ಲಿ ಹಿಡಿದು ಮಾಡುವಂಥದ್ದಲ್ಲ.

"ಆಗಂಗಿಲ್ಲ ಹಂಪಯ್ಯಣ್ಣ. ಆ ಕೆಲಸದವ ಇವತ್ತ ಬಂದಿಲ್ಲ. ಬ್ಯಾರೆ ಕಡೆ ನೋಡು."

"ಬ್ಯಾರೆ ಕಡೆ ಎಲ್ಲಾ ನೋಡೀನಿ. ಎಂಟು ದಿನ ಅಂತಾರ. ಆತಗ ಫೋನ್ ಮಾಡು. ಬೇಕಾದ್ರ ನಾನೇ ಹೋಗಿ ಕರಕೊಂಡು ಬರ್ತೀನಿ. ಗಂಗಾವತ್ಯಾಗ ಯಾವ ಓಣಿ?"

ಯಲ್ಲೇಶ್ ಜೇಬಿನಿಂದ ಫೋನ್ ತೆಗೆದು ಮತ್ತೆ ಒಳಗಿಟ್ಟ. ಆಗ ಗಾಳೆಮ್ಮ ಒಳಗಿಂದ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಎರಡೂ ಕೈಯಲ್ಲಿ ಒಂದೊಂದು ಇಟ್ಟಿಗೆ. ತನಗೆ ಎತ್ತರವಾಗುತ್ತಿದ್ದ ಬೆಂಚಿನ ಮುಂದೆ ಅವನ್ನು ಜೋಡಿಸಿದಳು. ಮೇಲಿದ್ದ ಡಬ್ಬಿ, ಪೇಪರನ್ನೆಲ್ಲ ಸರಿಸಿ, "ಅಣ್ಣಾ, ಮ್ಯಾಲ ಎತ್ತಿ ಇಡ್ರಿ" ಎಂದಳು.

ಹಂಪಯ್ಯ ಅವಳನ್ನೂ ಯಲ್ಲೇಶನನ್ನೂ ನೋಡಿದ. ಯಲ್ಲೇಶನಿಗೆ ಬಾಗಿಲು ಮುಂದೆ ಮಾಡಿಬಿಡಲೇ ಅನ್ನಿಸಿತು. ಅಷ್ಟರಲ್ಲಿ ಅವಳು ಇಟ್ಟಿಗೆ ಹತ್ತಿ ನಿಂತಾಗಿತ್ತು.

"ಇಡಣ್ಣ" ಅಂದ ಅವನು. "ಗಂಗಾವತಿಯವ ಯಾವನೂ ಇಲ್ಲ. ಒಂದು ವರ್ಷದಿಂದ ಈಕಿನೇ ಮಾಡಾಕಿ" ಅಂದ.

ಹಂಪಯ್ಯ ಮೋಟರು ಎತ್ತಿ ಬೆಂಚಿನ ಮೇಲಿಟ್ಟ. "ಹೋದ ಸಲದ್ದೂ?"

"ಅದೂ."

"ಅದು ಚಲೋ ನಡದೈತಿ ಬಿಡು" ಅಂದವನೇ ಮೂಲೆಯ ಸ್ಟೂಲ್ ಎಳೆದುಕೊಂಡು ಕೂತ. ತುಸು ಹೊತ್ತಿನಲ್ಲಿ ಕೂತಲ್ಲೇ ತೂಕಡಿಸತೊಡಗಿದ.

ಗಾಳೆಮ್ಮ ಸಂಜೆಯವರೆಗೂ ನಿಂತು ಮಾಡಿದಳು. ಓಣಿಯಲ್ಲಿ ಹಾಯುವವರು ನಿಂತು ನೋಡಿದರು, ಹೋದರು. ಕೊನೆಯ ಸುರುಳಿಯನ್ನು ಇಳಿಸುವಾಗ ಪಕ್ಕಕ್ಕೆ ವಾಲಿದವಳ ಕಾಲಡಿಯ ಇಟ್ಟಿಗೆ ಹೊರಳಿತು. ಹಲ್ಲು ಕಚ್ಚಿ ವೈಸನ್ನು ಹಿಡಿದುಕೊಂಡಳು, ಬೀಳಲಿಲ್ಲ. ಪಾದ ತಿರುಚಿ ಆಗಲೇ ಬಾವು ಏಳುತ್ತಿತ್ತು. ಯಲ್ಲೇಶ್ ಎಡಗೈ ಚಾಚಿದ್ದ. ಅವಳು ಹಿಡಿಯಲಿಲ್ಲ, ಅವಳ ಇನ್ನೊಂದು ಕೈಯಲ್ಲಿ ತಂತಿ ಇತ್ತು. ಇಟ್ಟಿಗೆಯನ್ನು ಕಾಲಿನಿಂದಲೇ ನೆಟ್ಟಗೆ ಮಾಡಿಕೊಂಡು ಮತ್ತೆ ಹತ್ತಿದಳು.

ಹಂಪಯ್ಯ ರಾತ್ರಿ ಟಿ.ಬಿ. ಡ್ಯಾಂ ಹತ್ತಿರದ ತಂಗಿ ಮನೆಯಲ್ಲಿ ಉಳಿದು, ಬೆಳಿಗ್ಗೆ ವಾರ್ನಿಶ್ ಒಣಗಿದ ಮೋಟರನ್ನು ಒಯ್ದ. ಅವನ ಆಟೋ ತಿರುವು ದಾಟುವ ಮೊದಲೇ ಯಲ್ಲೇಶ್ ಮೌನೇಶಾಚಾರಿಗೆ ಫೋನ್ ಮಾಡಿದ.

ಆಚಾರಿ ಗರಗಸದ ಮಷಿನ್ ತಂದ. ಬೆಂಚಿನ ಕಾಲುಗಳನ್ನು ಗಾಳೆಮ್ಮನ ಅಳತೆಗೆ ಕೊಯ್ಯಬೇಕೆಂದು ಕೇಳಿದ ಮೇಲೆ ಅದನ್ನು ಕೆಳಗಿಟ್ಟ.

"ಮತ್ತಿ ಕಟಿಗಿ ಇದು. ಒಮ್ಮಿ ಕೊಯ್ದರ ಮತ್ತ ಹಚ್ಚಾಕ ಬರಂಗಿಲ್ಲ. ಆಕಿಗೆ ನಿಂದ್ರಾಕ ಒಂದು ಅಗಲ ಹಲಗಿ ಮಾಡಿಕೊಡ್ತೀನಿ. ಬೆಂಚ್ ನಿನ್ನ ಅಳತೀಗೇ ಇರ್ಲಿ."

ಬಾವು ಬಂದ ಕಾಲಿಗೆ ಅರಿಶಿನ ಹಚ್ಚಿಕೊಂಡು ಹೊಸ್ತಿಲ ಮೇಲೆ ಕೂತಿದ್ದ ಗಾಳೆಮ್ಮನೂ, "ಹಲಗಿ ಸಾಕು ಬಿಡ್ರಿ. ನಾಳೆ ನಿಮ್ಮ ಕೈ ನೆಟ್ಟಗಾದ್ರ?" ಅಂದಳು.

ಯಲ್ಲೇಶ್ ಬೆಂಚಿನ ಅಂಚಿನ ಮೇಲೆ ಕೈಯಿಟ್ಟು ನಿಂತಿದ್ದ. ಸೊಂಟಕ್ಕೆ ಸರಿಯಾಗಿತ್ತು. ಇಂಥ ಬೆಂಚು ಅವನಿಗೆ ಯಾವತ್ತೂ ಇದ್ದಿರಲಿಲ್ಲ. ಕೈ ಇದ್ದಷ್ಟು ದಿನ ಅವನೂ ನೆಲದ ಮೇಲೆ ಕೂತೇ ಮಾಡಿದವನು.

"ಡಾಕ್ಟರು ಬರದೇನೂ ಇರಬಹುದು ಅಂದಾರ. ನಿನಗ ಹೇಳಿರಲಿಲ್ಲ" ಅಂದ. "ಬಂದ್ರ ಬರ್ಲಿ. ಆವಾಗ ಇಟ್ಟಿಗಿ ಬೆಂಚಿನ ಕಾಲ ಕೆಳಗ ಇಡೂಣು. ನಿನ್ನ ಕಾಲ ಕೆಳಗ ಬ್ಯಾಡ." ಆಚಾರಿಯ ಕಡೆ ತಿರುಗಿ, "ಕೊಯ್ರಿ" ಅಂದ.

ಗಾಳೆಮ್ಮ ಕುಂಟುತ್ತ ಬಂದು ನಿಂತಳು. ಆಚಾರಿ ಟೇಪು ಹಿಡಿದ. ಅವಳು ಎಲ್ಲಿ ನೋಡಬೇಕೆಂದು ತಿಳಿಯದೆ ಮಾಡಿನ ತಗಡು ನೋಡಿದಳು. ಓಣಿಯವರು ಬಂದು ಬೆಂಚನ್ನು ಬೋರಲು ಹಾಕಿದರು. ಮಷಿನ್ ಕಿರುಚಿ ಕಿರುಚಿ ನಿಂತು, ಮತ್ತೆ ಕಿರುಚಿತು. ಹಳೆಯ ಕಟ್ಟಿಗೆಯ ಒಗರು ವಾಸನೆ ಎದ್ದಿತು. ಕಾಲಿನ ತುಂಡುಗಳು ಒಂದೊಂದಾಗಿ ಉದುರಿದವು.

ಸಂಜೆ ಮಳೆ ಹನಿಯಿತು, ಮಣ್ಣು ಒದ್ದೆಯಾಗುವಷ್ಟು. ಶೆಡ್ಡಿನ ಬಾಗಿಲು ತೆರೆದೇ ಇತ್ತು. ಗಾಳೆಮ್ಮ ಬರಿಗಾಲಲ್ಲಿ, ಬಾವು ಬಂದ ಕಾಲಿನ ಭಾರವನ್ನು ಇನ್ನೊಂದಕ್ಕೆ ಬಿಟ್ಟು, ಬೆಂಚಿಗೆ ಒರಗಿ ನಿಂತು ಹೊಸ ಸುರುಳಿ ಸುತ್ತುತ್ತಿದ್ದಳು. ಯಲ್ಲೇಶ್ ಅವಳ ಪಕ್ಕದಲ್ಲಿ ನೆಲಕ್ಕೆ ಕೂತು ತಾಮ್ರದ ತಂತಿಯ ಉರುಳೆಯನ್ನು ಪಾದಗಳ ನಡುವೆ ನಿಲ್ಲಿಸಿಕೊಂಡಿದ್ದ. ತಂತಿ ಅವನ ಎಡಗೈ ಬೆರಳ ಸಂದಿಯಿಂದ ಹಾಯ್ದು, ಸಡಿಲಾಗದೆ, ಮೇಲೆ ಅವಳ ಕೈಗೆ ಹೋಗುತ್ತಿತ್ತು.