ಹೆಡ್‌ಮೇಡಂ ಜಾರಿಬಿದ್ದ ಕೇಸು

ಅತ್ತೆಯನ್ನು ಬೀದಿಯವರೆಲ್ಲ ಹೆಡ್‌ಮೇಡಂ ಎಂದೇ ಕರೆಯುವುದು. ಶಾಲೆಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಅವರ ಗತ್ತು ಮಾತ್ರ ನಿವೃತ್ತಿಯಾಗಿರಲಿಲ್ಲ. ನಲ್ಲಿ ರಿಪೇರಿಗೆ ಬಂದ ಪ್ಲಂಬರ್ ಕೂಡ ಅವರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ. ಅಂಥವರು ದೊಡ್ಡ ಅಂಗಡಿ ಕಟ್ಟಡವೊಂದರ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಕಾರು ತೊಳೆಯುವ ಮೂಲೆಯಿಂದ ಸೋಪಿನ ನೀರು ಇಳಿಜಾರಿನುದ್ದಕ್ಕೂ ಹರಿದಿತ್ತು. ಅಲ್ಲಿಯ ದೀಪ ಕೆಟ್ಟು ಬಹಳ ದಿನವಾಗಿತ್ತು. ಎಚ್ಚರಿಕೆಯ ಬೋರ್ಡು ಎಂಬುದು ಹೆಸರಿಗೂ ಇರಲಿಲ್ಲ.

ಇಷ್ಟರ ಬಗ್ಗೆ ಯಾರಿಗೂ ತಕರಾರಿಲ್ಲ. ತಕರಾರಿದ್ದದ್ದು ಸೊಸೆಯ ಬಗ್ಗೆ.

ಆ ಸಂಜೆ ಲಿಫ್ಟಿಗೆ ಕಾಯೋಣ ಎಂದು ಸೊಸೆ ಹೇಳಿದ್ದಳು. ಅತ್ತೆ ಕೇಳಬೇಕಲ್ಲ. ಇಳಿಜಾರಿನಲ್ಲಿ ಅವಳು ಕೈ ಹಿಡಿದುಕೊಂಡಾಗ "ನನಗೇನು ನಡೆಯೋಕೆ ಬರಲ್ವಾ? ಬಿಡು" ಎಂದು ಕೊಡವಿಕೊಂಡರು. ಮುಂದಿನ ಹೆಜ್ಜೆಗೇ ಬಿದ್ದರು. ಕ್ಯಾಮೆರಾ ಏನೋ ಇತ್ತು. ಆ ಕತ್ತಲಲ್ಲಿ ಅದಕ್ಕೆ ಕಂಡದ್ದು ಬರೀ ನೆರಳು. ಆಸ್ಪತ್ರೆಗೆ ಅಳುತ್ತ ಓಡಿಬಂದ ಮಗಳು "ಹೇಗಾಯ್ತಮ್ಮ?" ಎಂದಾಗ ಅತ್ತೆ, "ಇವಳು ಕೈ ಹಿಡ್ಕೊಂಡಿದ್ದಳು, ಬಿಟ್ಬಿಟ್ಟಳು" ಎಂದುಬಿಟ್ಟರು. ನೋವಿನಲ್ಲಿ ಬಂದ ಮಾತು ಎಂದು ಸೊಸೆ ಸುಮ್ಮನಾದಳು. ಸುಮ್ಮನಾಗಬಾರದಿತ್ತು. ನಾದಿನಿಯ ಬಾಯಿಗೆ ಬಿದ್ದ ಆ ಮಾತು ನೆಂಟರಿಷ್ಟರ ಮನೆಗಳನ್ನೆಲ್ಲ ಸುತ್ತಿ ಬರುವ ಹೊತ್ತಿಗೆ, ಅವಳು ಫೋನು ನೋಡುತ್ತ ಅತ್ತೆಯನ್ನು ಬೀಳಿಸಿದ ಮಹಾತಾಯಿ ಆಗಿದ್ದಳು.

ಕನ್ನಡಕದ ಅಂಗಡಿಯ ಕೆಲಸ ಬಿಟ್ಟು ಅವಳು ಮನೆಯಲ್ಲಿ ನಿಂತಳು. ಅತ್ತೆಯ ಸ್ನಾನ, ಬೆಡ್‌ಪ್ಯಾನು, ಕಾಲಿನ ವ್ಯಾಯಾಮ ಎಲ್ಲ ಅವಳದೇ. ನೋಡಲು ಬಂದವರು ಅವಳು ಕೊಟ್ಟ ಟೀ ಕುಡಿದು, "ಈಗಲಾದ್ರೂ ಚೆನ್ನಾಗಿ ನೋಡ್ಕೋತಿದ್ದಾಳೆ" ಎಂದು ಹೇಳಿ ಹೋಗುತ್ತಿದ್ದರು. ಆ 'ಈಗಲಾದ್ರೂ' ಕೇಳಿದಾಗಲೆಲ್ಲ ಅವಳ ಹೊಟ್ಟೆ ಉರಿಯುತ್ತಿತ್ತು. ಗಂಡನಿಗೆ ನಿಜ ಹೇಳಿದರೆ, "ಬಿಡೆ, ಅಮ್ಮನ ಸ್ವಭಾವ ಗೊತ್ತಿರೋದೇ ಅಲ್ವಾ" ಎಂದ. ನಂಬಿದನೋ ಇಲ್ಲವೋ, ಅದನ್ನು ಹೇಳಲಿಲ್ಲ.

ಕಟ್ಟಡದವರು ಪರಿಹಾರ ಕೊಡಲು ಒಪ್ಪದ್ದರಿಂದ ಕೇಸು ನ್ಯಾಯಾಲಯಕ್ಕೆ ಹೋಯಿತು. ಅತ್ತೆಗೆ ಇನ್ನೊಂದು ಆಪರೇಷನ್ ಆಗಬೇಕಿತ್ತು. ಪರಿಹಾರ ಬಂದರೆ ಆಪರೇಷನ್, ಇಲ್ಲದಿದ್ದರೆ ವಾಕರ್ ಹಿಡಿದೇ ಉಳಿದ ಆಯುಸ್ಸು. ಇವರ ವಕೀಲರು ಮನೆಗೇ ಬಂದು ಬಿಡಿಸಿ ಹೇಳಿದರು.

"ತಪ್ಪು ಅವರದೇ. ಆದ್ರೆ ಅವರ ಕಡೆ ಲಾಯರು ಅದನ್ನ ಪಾಲು ಮಾಡೋಕೆ ನೋಡ್ತಾರೆ. ನೀವೇ ಹುಷಾರಾಗಿರಲಿಲ್ಲ ಅಂತ ತೋರಿಸಿದ್ರೆ ಅಷ್ಟು ಪರಿಹಾರ ಕಮ್ಮಿ. ಸೊಸೆ ಕೈ ಬಿಟ್ಟರು ಅಂದ್ರೆ ಅದನ್ನೇ ಹಿಡ್ಕೊಂಡು ಕೂರ್ತಾರೆ. ನೀವು ನಡೆದದ್ದನ್ನ ನಡೆದ ಹಾಗೆ ಹೇಳಿ, ಸಾಕು."

ವಿಚಾರಣೆಯ ದಿನ ಕಟ್ಟಡದವರ ವಕೀಲ ಬೆಣ್ಣೆಯಂಥ ದನಿಯಲ್ಲಿ ಕೇಳಿದ. "ನಿಮ್ಮ ಸೊಸೆ ಕೈ ಬಿಟ್ಟರಂತಲ್ಲಮ್ಮ?"

"ಯಾರು ಹೇಳಿದ್ದು? ಅವಳು ಬೀಳೋವರೆಗೂ ಹಿಡ್ಕೊಂಡೇ ಇದ್ದಳು" ಎಂದರು ಅತ್ತೆ, ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ಹಾಗೆ.

ಸೊಸೆಯ ಕಣ್ಣು ತುಂಬಿ ಬಂತು. ಅದು ಪೂರ್ತಿ ನಿಜವಲ್ಲ. ಆದರೂ ನಾದಿನಿ ಪಕ್ಕದಲ್ಲೇ ಕೂತು ಕೇಳಿಸಿಕೊಂಡಳಲ್ಲ, ಸೊಸೆಗೆ ಅಷ್ಟೇ ಸಾಕಾಗಿತ್ತು.

ಮಧ್ಯಾಹ್ನದ ಬಿಡುವಿನಲ್ಲಿ, ಹೊರಗಿನ ಬೆಂಚಿನ ಮೇಲೆ ಅತ್ತೆ ಅವಳನ್ನು ಹತ್ತಿರ ಕರೆದರು.

"ನೋಡು, ಪ್ರಮಾಣ ಮಾಡಿ ಸುಳ್ಳು ಹೇಳಿದೀನಿ. ಜನ್ಮದಲ್ಲಿ ಮಾಡದ ಕೆಲಸ. ನೀನು ಮಾಡಿದ ತಪ್ಪನ್ನ ಮುಚ್ಚಿಹಾಕಿದೀನಿ. ಇನ್ನು ನಾನು ಅದನ್ನ ಎತ್ತಲ್ಲ, ಕ್ಷಮಿಸಿದೀನಿ."

ಆ ಮಾತಿನಲ್ಲಿ ಕಪಟವಿರಲಿಲ್ಲ. ಕಂಡಕಂಡವರಿಗೆಲ್ಲ ಹೇಳಿ ಹೇಳಿ ಅವರೇ ಅದನ್ನು ನಂಬಿಬಿಟ್ಟಿದ್ದರು. ಬೈದಿದ್ದರೆ ಸೊಸೆ ತಿರುಗಿ ಬೈಯಬಹುದಿತ್ತು. ಈ ಕ್ಷಮೆಯನ್ನು ಹೊತ್ತುಕೊಂಡು ಆ ಮನೆಯಲ್ಲಿ ಬದುಕುವುದು ಹೇಗೆ?

ಬಿಡುವು ಮುಗಿದ ಮೇಲೆ ಸಾಕ್ಷಿ ಹೇಳುವ ಸರದಿ ಅವಳದು.

"ಅತ್ತೆಯ ಕೈ ಹಿಡ್ಕೊಂಡಿದ್ರಾ?" ಎಂದ ಅದೇ ವಕೀಲ.

"ಹಿಡ್ಕೊಂಡಿದ್ದೆ."

"ಅವರು ಬೀಳೋವರೆಗೂ?"

ಹೌದು ಎಂದರೆ ಆಪರೇಷನ್ನೂ ಆಗುತ್ತಿತ್ತು, ಅವಳ ಹೆಸರೂ ಉಳಿಯುತ್ತಿತ್ತು. ಗಂಡ ಕಣ್ಣಲ್ಲೇ ಅವಳನ್ನು ಬೇಡಿಕೊಳ್ಳುತ್ತಿದ್ದ.

"ಇಲ್ಲ. ಅವರೇ ಕೊಡವಿಕೊಂಡ್ರು. ನಾನು ಬಿಡಲಿಲ್ಲ."

ವಕೀಲ ಗೆದ್ದವನ ಹಾಗೆ ನ್ಯಾಯಾಧೀಶರತ್ತ ತಿರುಗಿದ. ಅವಳು ಮಾತು ನಿಲ್ಲಿಸಲಿಲ್ಲ. "ಅದು ಅವರ ತಪ್ಪು ಹೇಗಾಗುತ್ತೆ ಸಾರ್? ಕೈ ಹಿಡಿಯೋಕೆ ಯಾರೂ ಇಲ್ಲದೋರೂ ಅಲ್ಲಿಗೆ ಬರ್ತಾರೆ. ಅವರೂ ನಡೆಯೋ ಹಾಗೆ ನೆಲ ಇರಬೇಕಲ್ವಾ?"

ನ್ಯಾಯಾಧೀಶರು ಏನನ್ನೋ ಬರೆದುಕೊಂಡರು. ಅವರ ಮುಖದಿಂದ ಏನೂ ಗೊತ್ತಾಗಲಿಲ್ಲ. ತೀರ್ಪು ಇನ್ನೊಂದು ದಿನಕ್ಕೆ ಹೋಯಿತು.

ಹೊರಗೆ ಬಂದದ್ದೇ ಅತ್ತೆ ಮಗಳ ಕಡೆ ತಿರುಗಿದರು. "ಇವಳ ಜೊತೆ ನಾನು ಮನೆಗೆ ಹೋಗಲ್ಲ. ನಿನ್ನ ಮನೆಗೆ ನಡಿ."

ನಾದಿನಿಯ ಮುಖದ ಬಣ್ಣವೇ ಇಳಿಯಿತು. "ಅಯ್ಯೋ ಅಮ್ಮ, ನಮ್ಮ ಬಾತ್‌ರೂಮು ನೋಡಿದೀಯಲ್ಲ, ವಾಕರ್ ಒಳಗೇ ಹೋಗಲ್ಲ. ಮಕ್ಕಳಿಗೆ ಪರೀಕ್ಷೆ ಬೇರೆ. ಆಮೇಲೆ ನೋಡೋಣ, ಆಯ್ತಾ?"

ಅತ್ತೆ ಮಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸೊಸೆಯನ್ನು ನೋಡಿದರು. ಗಂಡ ಕಾರು ತರುತ್ತೇನೆಂದು ಜಾಗ ಖಾಲಿ ಮಾಡಿದ್ದ.

"ನಾನು ಕೊಡವಿಕೊಂಡೆನಾ?" ಎಂದು ಕೇಳಿದರು ಮೆಲ್ಲಗೆ. "ನಿಜ ಹೇಳೆ. ನನಗೆ ಹಾಗೆ ನೆನಪೇ ಇಲ್ವಲ್ಲ."

ಇಷ್ಟು ದಿನ ಈ ಒಂದು ಪ್ರಶ್ನೆಗಾಗಿ ಕಾದಿದ್ದವಳಿಗೆ ಈಗ ಇಲ್ಲ ಎಂದುಬಿಡಬೇಕು ಅನ್ನಿಸಿತು.

"ಹೂಂ ಅತ್ತೆ" ಎಂದಳು.