ಇಪ್ಪತ್ತೊಂದನೇ ಕೊಠಡಿಯ ಮುತ್ತಿಗೆ

ಕೋಟೆ ಮೇಷ್ಟ್ರು ನಿವೃತ್ತರಾಗಿ ನಾಲ್ಕು ತಿಂಗಳಾಗಿದ್ದರೂ ಕಾಲೇಜಿನ ಇಪ್ಪತ್ತೊಂದನೇ ಕೊಠಡಿಯಿಂದ ಜಪ್ಪಯ್ಯ ಅಂದರೂ ಕದಲಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಬಂದು ಒಳಗಿನಿಂದ ಚಿಲಕ ಹಾಕಿಕೊಂಡರೆ ಸಂಜೆ ಐದಕ್ಕೇ ತೆಗೆಯುತ್ತಿದ್ದುದು. ನಾನೂರು ವರ್ಷಗಳ ಹಿಂದೆ ಯೂರೋಪಿನ ರಾಜರು ಹೇಗೆ ಹೊಡೆದಾಡಿದರು, ಹೇಗೆ ಹಡಗು ಹತ್ತಿ ಹೋಗಿ ಪರರ ನೆಲ ನುಂಗಿದರು ಅನ್ನುವುದರ ಮೇಲೆ ಅವರು ಮೂರು ದಪ್ಪ ಸಂಪುಟ ಬರೆದಿದ್ದರು. ಮೊದಲನೆಯದು ಫಿರಂಗಿಗಳದು, ಎರಡನೆಯದು ಕೋಟೆ ಮುತ್ತಿಗೆಗಳದು, ಮೂರನೆಯದು ಸಾಮ್ರಾಜ್ಯಗಳದು. ನಾಲ್ಕನೆಯದು ಮುಗಿಯುವವರೆಗೆ ಕೊಠಡಿ ಬಿಡುವುದಿಲ್ಲ ಅಂತ ಅವರ ಹಟ. ಮೂರು ಸಂಪುಟಗಳನ್ನೂ ಲೈಬ್ರರಿಯಿಂದ ಇಲ್ಲಿಯವರೆಗೆ ಪಡೆದುಕೊಂಡಿದ್ದವರು ಒಬ್ಬರೇ, ಅಚ್ಚಿನ ತಪ್ಪು ನೋಡಲು ಸ್ವತಃ ಮೇಷ್ಟ್ರು.

ಆ ಕೊಠಡಿ ಸಿಗಬೇಕಾಗಿದ್ದ ಹೊಸ ಸಂಖ್ಯಾಶಾಸ್ತ್ರದ ಅಧ್ಯಾಪಕಿ ಮೆಟ್ಟಿಲ ಬಳಿ, ಕುಡಿಯುವ ನೀರಿನ ನಲ್ಲಿಯ ಪಕ್ಕ ಮೇಜು ಹಾಕಿಕೊಂಡು ಕೂರುತ್ತಿದ್ದರು. ದಿನಕ್ಕೆ ಎರಡು ಸಲ ಉತ್ತರಪತ್ರಿಕೆಗಳು ಒದ್ದೆಯಾಗುತ್ತಿದ್ದವು. ಪ್ರಿನ್ಸಿಪಾಲರು ಮೂರು ಪತ್ರ ಬರೆದರು. ಮೇಷ್ಟ್ರು ಮೂರಕ್ಕೂ ಅಡಿಟಿಪ್ಪಣಿ ಸಮೇತ ಉತ್ತರ ಕೊಟ್ಟರು. ಕೊನೆಗೆ ಪ್ರಿನ್ಸಿಪಾಲರು ಕೈಚೆಲ್ಲಿ, ಫೈಲನ್ನು ಆಫೀಸಿನ ಸೂಪರಿಂಟೆಂಡೆಂಟ್ ಮೇಡಂ ಕಡೆ ತಳ್ಳಿದರು. ಮೇಷ್ಟ್ರು ಮನೆಗೆ ಹೋದಾಗ ಬೀಗ ಬದಲಾಯಿಸಿಬಿಡಿ ಅಂತ ಸಲಹೆಯನ್ನೂ ಕೊಟ್ಟರು. ಆಳಿಲ್ಲದಾಗ ಬೀಗಕ್ಕೆ ಕೈ ಹಾಕುವುದು ಕಳ್ಳರ ಕೆಲಸ, ಆಫೀಸಿನದಲ್ಲ ಅಂದುಬಿಟ್ಟರು ಮೇಡಂ.

ಮೇಡಂಗೆ ಇಪ್ಪತ್ತೆಂಟು ವರ್ಷದ ಸರ್ವಿಸ್ಸು. ಯಾವ ಕೆಲಸಕ್ಕೂ ಮೊದಲು ಅದರ ನಿಯಮ ಓದುವುದು ಅವರ ಅಭ್ಯಾಸ. ಇಂಥ ಮನುಷ್ಯನಿಗೆ ಯಾವ ನಿಯಮ ಅನ್ವಯಿಸುತ್ತದೆ ಅಂತ ಒಂದು ವಾರ ತಲೆ ಕೆಡಿಸಿಕೊಂಡರು. ಆಮೇಲೆ ಲೈಬ್ರರಿಗೆ ಹೋಗಿ ಎರಡನೇ ಸಂಪುಟ ತಂದು, ಊಟದ ಬಿಡುವಿನಲ್ಲಿ ಓದತೊಡಗಿದರು.

ಓದಲು ಶುರುಮಾಡಿದ ಹತ್ತೊಂಬತ್ತನೇ ದಿನ ಮೇಷ್ಟ್ರ ಬಾಗಿಲಾಚೆ ಸೀಟಿ ಊದಿದ ಸದ್ದು ಕೇಳಿತು. ತೆಗೆದು ನೋಡಿದರೆ ಆಫೀಸಿನ ಜವಾನ ಆಟದ ವಿಭಾಗದ ಸೀಟಿ ಬಾಯಲ್ಲಿಟ್ಟುಕೊಂಡು, ಜೇಡರ ಬಲೆ ಹೊಡೆಯುವ ಕೋಲಿಗೆ ಬಿಳಿ ಕರವಸ್ತ್ರ ಕಟ್ಟಿ ಹಿಡಿದು ನಿಂತಿದ್ದ. ಮೂವತ್ತು ವರ್ಷ ಅವರಿಗೆ ಟೀ ತಂದುಕೊಟ್ಟ, ಹೊಟ್ಟೆ ಬಂದ ಮನುಷ್ಯ. ನಾಚಿಕೆಯಿಂದ ನೆಲ ನೋಡುತ್ತಾ ಲಕೋಟೆ ಕೊಟ್ಟ. ಅದರೊಳಗೆ ಹೀಗಿತ್ತು: ತಮ್ಮ ಎರಡನೇ ಸಂಪುಟದ ಮುನ್ನೂರ ಹನ್ನೆರಡನೇ ಪುಟದ ಪ್ರಕಾರ ಕೋಟೆಯನ್ನು ಒಪ್ಪಿಸಲು ಈ ಮೂಲಕ ಕರೆ ನೀಡಲಾಗಿದೆ.

ಮೇಷ್ಟ್ರು ಪುಟ ತೆಗೆದು ನೋಡಿದರು. ಸರಿಯಾಗಿಯೇ ಇತ್ತು. ಮೊದಲ ಕರೆಗೇ ಕೋಟೆ ಬಿಟ್ಟರೆ ಕಿಲ್ಲೇದಾರನ ಮಾನ ಉಳಿಯುವುದಿಲ್ಲ ಅಂತ ಮುಂದಿನ ಪುಟದಲ್ಲಿ ಅವರೇ ಬರೆದಿದ್ದರು. ಹಾಗಾಗಿ ವಿನಯದಿಂದ ನಿರಾಕರಿಸಿ, ಮುತ್ತಿಗೆ ಹಾಕಿದವರಿಗೆ ಹಣ್ಣು ಕಳಿಸುವ ಆ ಕಾಲದ ಪದ್ಧತಿಯಂತೆ ತಮ್ಮ ಊಟದ ಡಬ್ಬಿಯಿಂದ ಎರಡು ಬಾಳೆಹಣ್ಣು ಕಳಿಸಿದರು. ಮೇಡಂ ಅವಕ್ಕೆ ಸ್ವೀಕೃತಿ ಪತ್ರ ಕೊಟ್ಟು, ಒಂದನ್ನು ತಿಂದು, ಇನ್ನೊಂದನ್ನು ಫೈಲಿನ ಜೊತೆ ಇಟ್ಟರು.

ಮರುದಿನದಿಂದ ಮುತ್ತಿಗೆ ಶುರುವಾಯಿತು. ಕಂದಕವನ್ನು ನೇರವಾಗಿ ತೋಡಬಾರದು, ಅಂಕುಡೊಂಕಾಗಿ ತೋಡಬೇಕು ಅಂತ ಪುಸ್ತಕ ಹೇಳಿತ್ತು. ಆದ್ದರಿಂದ ಮೇಡಂ ಕಾರಿಡಾರಿನಲ್ಲಿ ಹಳೇ ಬೆಂಚುಗಳನ್ನು ಅಂಕುಡೊಂಕಾಗಿ ಜೋಡಿಸಿ, ದಿನಕ್ಕೆ ನಾಲ್ಕು ಅಡಿ ಮುಂದಕ್ಕೆ ತಂದರು. ವಿದ್ಯಾರ್ಥಿಗಳು ಹಾವಿನ ಹಾಗೆ ಹರಿದು ಕ್ಲಾಸಿಗೆ ಹೋಗುತ್ತಿದ್ದರು. ಏಕೆಂದು ಯಾರೂ ಕೇಳಲಿಲ್ಲ, ಕಾಲೇಜಿನಲ್ಲಿ ಇದಕ್ಕಿಂತ ಅರ್ಥವಿಲ್ಲದ ಏರ್ಪಾಡುಗಳಿದ್ದವು. ಸಂಜೆ ಐದಕ್ಕೆ ಕದನವಿರಾಮ. ಮೇಷ್ಟ್ರು ಬೆಂಚುಗಳ ನಡುವೆ ಛತ್ರಿ ಊರಿಕೊಂಡು ಬಂದು, ಒಂದೆರಡು ಕಡೆ ಮೂಲೆ ಸರಿಯಿಲ್ಲ ಅಂತ ತಿದ್ದಿ ಮನೆಗೆ ಹೋಗುತ್ತಿದ್ದರು.

ಮೇಡಂ ಟೀ ನಿಲ್ಲಿಸಿದರೂ ಮೇಷ್ಟ್ರು ಬಗ್ಗಲಿಲ್ಲ. ಡಬ್ಬಿ ದಿನೇ ದಿನೇ ದೊಡ್ಡದಾಗಿ, ಜೊತೆಗೆ ಫ್ಲಾಸ್ಕೂ ಬರತೊಡಗಿತು. ಹೊರಗಿನಿಂದ ಸಹಾಯ ಬರುತ್ತಿದ್ದರೆ ಮುತ್ತಿಗೆ ಗೆಲ್ಲುವುದಿಲ್ಲ ಅಂತ ಓದಿದ್ದ ಮೇಡಂ, ಮೇಷ್ಟ್ರ ಹೆಂಡತಿಗೆ ಫೋನ್ ಮಾಡಿ, ಯಜಮಾನರನ್ನು ಮನೆಯಲ್ಲೇ ಇರಿಸಿಕೊಳ್ಳಬಾರದೇ ಅಂತ ಕೇಳಿದರು.

"ನೀವು ಮುತ್ತಿಗೆ ಹಾಕಿ ಮೇಡಂ, ಬೇಡ ಅನ್ನಲ್ಲ," ಅಂದರು ಆಕೆ. "ನಾನು ಮಾತ್ರ ಊಟ ಕಳಿಸೋದು ನಿಲ್ಲಿಸಲ್ಲ. ಹಗಲೆಲ್ಲ ನಮ್ಮನೆ ಹಾಲಿನಲ್ಲಿ ಹೊಲಿಗೆ ಕ್ಲಾಸು. ಕೆಲಸದಲ್ಲಿದ್ದಾಗ ಒಂದೇ ಒಂದು ದಿನ ಇವರು ರಜಾ ಹಾಕಿ ಮನೇಲಿದ್ರು. ಕಾಲರ್ ಹೊಲೀತಿದ್ದ ಹೆಂಗಸರಿಗೆ ಸಿಪಾಯಿಗಳ ಅಂಗಿಗೆ ಗುಂಡಿ ಬಂದ ಕಥೆ ಒಂದೂವರೆ ಗಂಟೆ ಹೇಳಿದ್ರು. ಇಬ್ಬರು ಮತ್ತೆ ಬರಲೇ ಇಲ್ಲ."

ಹೀಗಾಗಿ ಗೋಡೆ ಒಡೆಯುವುದೊಂದೇ ದಾರಿ ಉಳಿಯಿತು. ಮುತ್ತಿಗೆಯ ಹನ್ನೆರಡನೇ ದಿನ ಮೇಡಂ ಬಡಗಿಯನ್ನು ಕರೆಸಿ, ಬಾಗಿಲ ಮೇಲರ್ಧದ ಹಲಗೆ ಬಿಚ್ಚಿಸಿದರು. ಕೋಟೆ ಗೋಡೆಯಲ್ಲಿ ಆಳು ನುಗ್ಗುವಷ್ಟು ಬಿರುಕು ಬಿದ್ದ ಮೇಲೆ ಶರಣಾದರೆ ಅವಮಾನವಲ್ಲ ಅನ್ನುವುದು ಅಂದಿನ ನಿಯಮ. ಆದರೆ ಮೇಷ್ಟ್ರು ಒಳಗಿನಿಂದ ಅಳತೆಪಟ್ಟಿ ಹಿಡಿದು, ಇದರಲ್ಲಿ ಆಳು ತೂರುವುದಿಲ್ಲ, ಬಿರುಕು ಸಾಲದು ಅಂದರು. ತೂರುತ್ತದೆ ಅಂದ ಮೇಡಂ ಜವಾನನ ಕಡೆ ನೋಡಿದರು. ಅವನು ಸ್ಟೂಲು ಹತ್ತಿ, ಚಪ್ಪಲಿ ಬಿಟ್ಟು, ತಲೆ ತೂರಿಸಿದ. ಭುಜವೂ ಹೋಯಿತು. ಹೊಟ್ಟೆ ಹೋಗಲಿಲ್ಲ.

ಹಿಂದಕ್ಕೂ ಬರಲಿಲ್ಲ. ಒಳಗಿನಿಂದ ಮೇಷ್ಟ್ರು ಕೈ ಎಳೆದರು, ಹೊರಗಿನಿಂದ ಬಡಗಿ ಕಾಲು ಎಳೆದ. ಜವಾನ ಅತ್ತ ದರಿ ಇತ್ತ ಪುಲಿ ಅನ್ನುವ ಸ್ಥಿತಿಯಲ್ಲಿ ಕಣ್ಣು ಮುಚ್ಚಿಕೊಂಡು ತೂಗಾಡಿದ. ಅವನ ಬೆನ್ನಿನ ಮೇಲಿನ ಸಂದಿಯಿಂದ ಮೇಡಂ ಮತ್ತು ಮೇಷ್ಟ್ರು ವಾದಕ್ಕಿಳಿದರು. ಬಿರುಕಿನಲ್ಲಿ ಇಬ್ಬರು ಆಳು ಜೊತೆಜೊತೆಯಾಗಿ ನುಗ್ಗುವಂತಿರಬೇಕು, ಮುನ್ನೂರ ಎಂಬತ್ತೆಂಟನೇ ಪುಟ ಅಂದರು ಮೇಷ್ಟ್ರು.

"ನಾನೂರ ಎರಡನೇ ಪುಟದಲ್ಲಿ ಒಬ್ಬ ಆಳು ಸಾಕು ಅಂದಿದ್ದೀರಿ ಸಾರ್. ಎರಡರಲ್ಲಿ ಯಾವುದು ಸರಿ?"

ಮೇಷ್ಟ್ರು ಎಳೆಯುತ್ತಿದ್ದ ಕೈ ಬಿಟ್ಟರು. ಪುಟ ತಿರುವಿ ನೋಡಿದರು. ಪುಸ್ತಕ ಅಚ್ಚಾಗಿ ಇಪ್ಪತ್ತೆರಡು ವರ್ಷವಾಗಿತ್ತು. ಈ ತಪ್ಪನ್ನು ಯಾವ ವಿದ್ವಾಂಸನೂ ಹಿಡಿದಿರಲಿಲ್ಲ, ಯಾಕೆಂದರೆ ಯಾವ ವಿದ್ವಾಂಸನೂ ಅಲ್ಲಿಯವರೆಗೆ ತಲುಪಿರಲಿಲ್ಲ.

"ಇಡೀ ಪುಸ್ತಕ ಓದಿದ್ದೀರಾ?" ಅಂದರು.

"ಮೂರೂ ಓದಿದೀನಿ ಸಾರ್. ಅಡಿಟಿಪ್ಪಣಿ ಸಮೇತ. ಅರವತ್ತೊಂದು ಅನುಮಾನ ಬರೆದಿಟ್ಟುಕೊಂಡಿದೀನಿ."

ಮೇಷ್ಟ್ರು ಕುರ್ಚಿಯ ಮೇಲೆ ಕೂತು, ಕನ್ನಡಕ ತೆಗೆದು ಒರೆಸಿದರು. ಆಮೇಲೆ ಕೋಟೆ ಒಪ್ಪಿಸುತ್ತೇನೆ ಅಂದರು. ಅಷ್ಟರಲ್ಲಿ ಬಡಗಿ ಚೌಕಟ್ಟಿನ ಒಂದು ಪಟ್ಟಿ ಬಿಚ್ಚಿ ಜವಾನನನ್ನು ಇಳಿಸಿಕೊಂಡಿದ್ದ.

ಶರಣಾಗತಿಯ ಕರಾರಿಗೆ ಮೇಷ್ಟ್ರ ಹೆಂಡತಿಯೂ ಬಂದು ಕೂತು ತಮ್ಮ ಷರತ್ತು ಸೇರಿಸಿದರು. ಮನೆಯ ಮೇಲೆ ನೀರಿನ ಟ್ಯಾಂಕಿನ ಪಕ್ಕದ ಮಾಳಿಗೆ ಕೋಣೆಯನ್ನು ಬಿಟ್ಟುಕೊಡುತ್ತೇನೆ, ಆದರೆ ಹೊಲಿಗೆ ಕ್ಲಾಸು ಮುಗಿಯುವ ಸಂಜೆ ನಾಲ್ಕರ ತನಕ ಇವರು ಕೆಳಗಿಳಿಯಕೂಡದು ಅಂದರು. ಮೇಷ್ಟ್ರು ರುಜು ಹಾಕಿದರು.

ಅಂದಿನ ಪದ್ಧತಿಯಂತೆ ಸೋತ ಪಡೆ ಮರ್ಯಾದೆಯಿಂದ ಹೊರಡುವಾಗ ಬಾವುಟ ಬಿಚ್ಚಿ, ನಗಾರಿ ಬಾರಿಸಿ, ಬಂದೂಕಿನ ಬತ್ತಿ ಹೊತ್ತಿಸಿ, ಬಾಯಲ್ಲಿ ಗುಂಡು ಇಟ್ಟುಕೊಂಡು ಹೋಗಬೇಕು. ಕಟ್ಟಡದೊಳಗೆ ಬೆಂಕಿ ನಿಷೇಧವಾದ್ದರಿಂದ ಬತ್ತಿಯ ಬದಲು ಟಾರ್ಚು ಹಚ್ಚಿದರು. ಗುಂಡಿನ ಬದಲು ಮೇಷ್ಟ್ರು ಬಾಯಲ್ಲಿ ಪೆಪ್ಪರ್‌ಮಿಂಟ್ ಇಟ್ಟುಕೊಂಡರು. ಜವಾನ ಖಾಲಿ ಬಕೆಟ್ ಬಾರಿಸುತ್ತಾ ಮುಂದೆ ನಡೆದ. ಹಿಂದೆ ಪುಸ್ತಕ ತುಂಬಿದ ತಳ್ಳುಗಾಡಿ ಕೀಚಲು ಸದ್ದು ಮಾಡುತ್ತಾ ಬಂತು. ನಲ್ಲಿಯ ಪಕ್ಕದಲ್ಲಿದ್ದ ಸಂಖ್ಯಾಶಾಸ್ತ್ರದ ಅಧ್ಯಾಪಕಿ ಏನೆಂದು ತಿಳಿಯದೆ ಎದ್ದು ನಿಂತು ಸೆಲ್ಯೂಟ್ ಹೊಡೆದರು. ಬೆಂಚುಗಳನ್ನು ಇನ್ನೂ ತೆಗೆದಿರಲಿಲ್ಲವಾಗಿ, ಇಪ್ಪತ್ತು ಗಜ ದಾಟಲು ಮೆರವಣಿಗೆಗೆ ಕಾಲು ಗಂಟೆ ಹಿಡಿಯಿತು.

ನಾಲ್ಕನೇ ಸಂಪುಟ ಮಾತ್ರ ಮುಂದೆ ಹೋಗಲಿಲ್ಲ. ಭಾನುವಾರಗಳಂದು ಮೇಡಂ ಮಾಳಿಗೆ ಕೋಣೆಗೆ ಅನುಮಾನಗಳ ಪಟ್ಟಿ ಹಿಡಿದು ಬರತೊಡಗಿದರು. ಹದಿನೇಳನೆಯದಕ್ಕೆ ಜಗಳವೇ ಆಯಿತು. ಫಿರಂಗಿಯೂ ಹಡಗೂ ಇದ್ದದ್ದರಿಂದ ಸಾಮ್ರಾಜ್ಯ ಬೆಳೆಯಿತು ಅನ್ನುವುದು ಮೇಷ್ಟ್ರ ಜೀವಮಾನದ ವಾದ. ಮೇಡಂ ಒಪ್ಪಲಿಲ್ಲ. ಅಷ್ಟು ದೂರದ ನೆಲವನ್ನು ಹಿಡಿದಿಟ್ಟಿದ್ದು ಕಾಗದ ಬರೆದವರು, ನಕಲು ತೆಗೆದವರು, ಹೊತ್ತು ತಲುಪಿಸಿದವರು, ಮೂರು ಸಂಪುಟದಲ್ಲಿ ಒಬ್ಬ ಗುಮಾಸ್ತನೂ ಇಲ್ಲವಲ್ಲ ಅಂದರು. ಮೇಷ್ಟ್ರು ಎರಡು ಭಾನುವಾರ ಮಾತು ಬಿಟ್ಟರು.

ಮೂರನೇ ಭಾನುವಾರ ಮೇಡಂ ಮೆಟ್ಟಿಲು ಹತ್ತಿ ಬಂದಾಗ ಮೇಜಿನ ಮೇಲೆ ಹೊಸ ನೋಟ್‌ಬುಕ್ ಇತ್ತು. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದು, ನಮ್ಮ ಕಾಲೇಜಿನ ಒಂದು ಅರ್ಜಿ ಮೇಲಿನ ಕಚೇರಿಗೆ ಹೋಗಿ ವಾಪಸು ಬರಲು ಎಷ್ಟು ದಿನ ಬೇಕು ಅಂತ ಕೇಳಿದರು.

"ಅದು ಯಾರ ಮೇಜಿನ ಮೇಲೆ ಕೂರುತ್ತೆ ಅನ್ನೋದರ ಮೇಲಿದೆ ಸಾರ್," ಅಂದು ಮೇಡಂ ಕುರ್ಚಿ ಎಳೆದುಕೊಂಡರು. ಮೇಷ್ಟ್ರು ಅದನ್ನು ಹಾಗೆಯೇ ಬರೆದುಕೊಂಡರು.